ಮತಯಂತ್ರ ಬಿಟ್ಟು ಮತ್ತೆ ಮತಪತ್ರಕ್ಕೆ ಹೋದರೆ ಒಳ್ಳೆಯದಾ?

ನಾನು ಶಿರಸಿ ಕಡೆಯವನು, ಎರಡರಲ್ಲೂ ಮತ ಹಾಕಿದ್ದೇನೆ. ಲೋಕಸಭೆ, ವಿಧಾನಸಭೆಗೆ ಯಂತ್ರ. ಆದರೆ 2020ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ನಮ್ಮಲ್ಲಿ ಕಾಗದವೇ ಇತ್ತು.

ಕಾಗದದ ದೊಡ್ಡ ತೊಂದರೆ ಅಸಿಂಧು ಮತ. ಕೈ ನಡುಗುವ ಅಜ್ಜಿಯೊಬ್ಬರು ಎರಡು ಚಿಹ್ನೆಗಳ ನಡುವಿನ ಗೆರೆಯ ಮೇಲೆ ಸೀಲು ಒತ್ತಿದರೆ ಆ ಮತ ಯಾರಿಗೂ ಇಲ್ಲ. ಬೆಟ್ಟ ಹತ್ತಿಳಿದು ಬಂದವರ ಮತ ಹೀಗೆ ಹಾಳಾದರೆ ನಿಜಕ್ಕೂ ಸಂಕಟವಾಗುತ್ತದೆ. ಯಂತ್ರದಲ್ಲಿ ಹಾಗಾಗಲ್ಲ. ನಿಮಿಷಕ್ಕೆ 4ಕ್ಕಿಂತ ಜಾಸ್ತಿ ಮತ ಅದು ತೆಗೆದುಕೊಳ್ಳುವುದೂ ಇಲ್ಲ. ಹಾಗಾಗಿ ಮತಗಟ್ಟೆಗೆ ನುಗ್ಗಿ ಕಟ್ಟುಗಟ್ಟಲೆ ಸೀಲು ಒತ್ತುವ ಹಳೆಯ ದಂಧೆ ಈಗ ಕಷ್ಟ.

ಹಾಗಂತ ಅನುಮಾನ ಪಡುವವರನ್ನು ಸುಮ್ನೆ ತಳ್ಳಿಹಾಕಬಾರದು. ಕಾಗದವನ್ನು ಯಾರು ಬೇಕಾದರೂ ಕಣ್ಣಾರೆ ಎಣಿಸಬಹುದು, ಯಂತ್ರದ ಎಲೆಕ್ಟ್ರಾನಿಕ್ ಚಿಪ್‌ನೊಳಗೆ ಇಣುಕಲು ಆಗಲ್ಲ ಅಲ್ವಾ? ಅದಕ್ಕೇ ವಿವಿಪ್ಯಾಟ್, ಅಂದರೆ ಹಾಕಿದ ಮತದ ಚೀಟಿ ಮುದ್ರಿಸುವ ಯಂತ್ರ, ಬಂದಿದ್ದು. ಗುಂಡಿ ಒತ್ತಿದ ಮೇಲೆ ಅಭ್ಯರ್ಥಿಯ ಹೆಸರು, ಚಿಹ್ನೆ ಇರುವ ಚೀಟಿ ಗಾಜಿನ ಹಿಂದೆ 7 ಸೆಕೆಂಡು ಕಾಣುತ್ತದೆ, ಆಮೇಲೆ ಪೆಟ್ಟಿಗೆಗೆ ಬೀಳುತ್ತದೆ. ದಯವಿಟ್ಟು ಅದನ್ನು ನೋಡಿಯೇ ಹೊರಡಿ.

2019ರ ಸುಪ್ರೀಂ ಕೋರ್ಟ್ ಆದೇಶದಂತೆ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ 5 ಮತಗಟ್ಟೆಗಳ ಚೀಟಿ ಎಣಿಸುತ್ತಾರೆ. ಕಾರವಾರದಿಂದ ಖಾನಾಪುರ, ಕಿತ್ತೂರಿನವರೆಗೆ ನಮ್ಮ ಉತ್ತರ ಕನ್ನಡ ಲೋಕಸಭಾ ಕ್ಷೇತ್ರದಲ್ಲಿ 8 ವಿಧಾನಸಭಾ ಕ್ಷೇತ್ರಗಳಿವೆ, ಅಂದರೆ 40 ಮತಗಟ್ಟೆ. ಅದು ಯಂತ್ರದ ಲೆಕ್ಕಕ್ಕೆ ತಾಳೆಯಾಗದಿದ್ದರೆ ಚೀಟಿಯ ಲೆಕ್ಕವೇ ಅಂತಿಮ.

ಮತಪತ್ರಕ್ಕೆ ಮರಳಬೇಕೆಂಬ ಬೇಡಿಕೆಯನ್ನು 2024ರ ಏಪ್ರಿಲ್‌ನಲ್ಲಿ ಕೋರ್ಟ್ ಒಪ್ಪಲಿಲ್ಲ. ನನಗೂ ಅದು ಸರಿ ಅನಿಸುತ್ತದೆ. ಆದರೆ ಆ 5 ಅನ್ನೋದು ಇನ್ನೂ ಜಾಸ್ತಿ ಆಗಬೇಕು.