ಓದುಗರ ಪ್ರಶ್ನೆ: ಇಳಿಜಾರಿನಲ್ಲಿ ಹ್ಯಾಂಡಲ್ ನಡುಗುವ ಸ್ಕೂಟರ್

ಪ್ರಶ್ನೆ: ಏಳು ವರ್ಷ ಓಡಿದ 110 ಸಿ.ಸಿ. ಸ್ಕೂಟರೊಂದನ್ನು ಈ ಮಳೆಗಾಲ ಮುಗಿದ ಮೇಲೆ ಕೊಂಡಿದ್ದೇನೆ. ಮಡಿಕೇರಿಯಿಂದ ಇಳಿದು ಬರುವಾಗ ಆಕ್ಸಿಲರೇಟರ್ ಬಿಟ್ಟರೆ, ವೇಗ 45ರಿಂದ 35ಕ್ಕೆ ಬರುವಷ್ಟರಲ್ಲಿ ಹ್ಯಾಂಡಲ್ ಎಡಬಲಕ್ಕೆ ನಡುಗುತ್ತದೆ. ನೇರ ರಸ್ತೆಯಲ್ಲಿ ಗಾಡಿ ಸ್ವಲ್ಪ ಎಡಕ್ಕೆ ಎಳೆಯುತ್ತದೆ. ಒಬ್ಬ ಮೆಕ್ಯಾನಿಕ್ ಎರಡೂ ಟೈರ್ ಬದಲಿಸಿದರೂ ನಡುಕ ಹೋಗಲಿಲ್ಲ. ಇನ್ನೊಬ್ಬರು ಚಾಸಿಸ್ ಬೆಂಡ್ ಆಗಿದೆ, ಮಾರಿಬಿಡಿ ಎನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಸುಂಟಿಕೊಪ್ಪ

ಉತ್ತರ: ಮಾರುವ ಮಾತು ಸದ್ಯಕ್ಕೆ ಬೇಡ. ನಿಮ್ಮ ಪತ್ರದಲ್ಲಿರುವ ಮುಖ್ಯ ಸುಳಿವೆಂದರೆ ನಡುಕವು ಆಕ್ಸಿಲರೇಟರ್ ಬಿಟ್ಟಾಗಲೇ ಕಾಣಿಸಿಕೊಳ್ಳುತ್ತದೆ ಎಂಬುದು. ಇಂಥ ನಡುಕಕ್ಕೆ ನಾನು ಮೊದಲು ಅನುಮಾನಿಸುವುದು ಹ್ಯಾಂಡಲ್‌ನ ಕೋನ್ ಸೆಟ್ಟನ್ನು, ಅಂದರೆ ಹ್ಯಾಂಡಲ್ ಸರಾಗವಾಗಿ ತಿರುಗಲೆಂದು ಅದರ ಕೊಳವೆಯ ಮೇಲೂ ಕೆಳಗೂ ಬಟ್ಟಲುಗಳಲ್ಲಿ ಕೂರಿಸಿದ ಗುಂಡುಗಳ ಜೋಡಣೆಯನ್ನು. ಅದು ಸವೆದಿದ್ದರೆ ಅಥವಾ ಸಡಿಲವಾಗಿದ್ದರೆ ಟೈರ್ ಎಷ್ಟು ಬಾರಿ ಬದಲಿಸಿದರೂ ಪ್ರಯೋಜನವಿಲ್ಲ. ಕೊಡಗಿನ ಮಳೆಯಲ್ಲಿ ನಾಲ್ಕು ತಿಂಗಳು ನೆನೆಯುವ ಗಾಡಿಯ ಕೋನ್ ಸೆಟ್ಟಿನೊಳಗೆ ನೀರು ಇಳಿದು, ಗ್ರೀಸ್ ತೊಳೆದುಹೋಗಿ ಗುಂಡುಗಳಿಗೆ ತುಕ್ಕು ಹಿಡಿಯುವುದು ಅಪರೂಪವೇನಲ್ಲ. ಕೆಸರು ಹೋಗಲೆಂದು ವಾಟರ್ ಸರ್ವೀಸಿನಲ್ಲಿ ಹ್ಯಾಂಡಲ್‌ನ ಬುಡಕ್ಕೇ ಜೋರಾಗಿ ನೀರು ಹೊಡೆಸಿದರೆ ಹಾನಿ ಇನ್ನೂ ಬೇಗ ಆಗುತ್ತದೆ.

ಪರೀಕ್ಷೆಯನ್ನು ಮನೆಯಂಗಳದಲ್ಲೇ ಮಾಡಬಹುದು. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಮುಂದಿನ ಚಕ್ರ ನೆಲ ಬಿಡುವಂತೆ ಒಬ್ಬರು ಹಿಂದಿನ ಕಂಬಿಯನ್ನು ಒತ್ತಿ ಹಿಡಿಯಲಿ. ನೀವು ಮುಂದೆ ಕುಳಿತು ಫೋರ್ಕಿನ (ಮುಂಚಕ್ರವನ್ನು ಹಿಡಿದಿರುವ ಕವಲಿನ) ಕೆಳತುದಿಗಳನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ಅಲುಗಿಸಿ ನೋಡಿ. 'ಟಕ್' ಎಂಬ ಸದ್ದಿನೊಂದಿಗೆ ಸಣ್ಣ ಆಟ ಕೈಗೆ ಸಿಕ್ಕಿದರೆ ಕೋನ್ ಸೆಟ್ ಸಡಿಲವಾಗಿದೆ. ಬಳಿಕ ಒಂದೇ ಬೆರಳಿನಿಂದ ಹ್ಯಾಂಡಲನ್ನು ಎಡತುದಿಯಿಂದ ಬಲತುದಿಯವರೆಗೆ ನಿಧಾನವಾಗಿ ತಿರುಗಿಸಿ. ಸರಿಯಾಗಿ ನಡುವೆ ಬಂದಾಗ ಗುಳಿಗೆ ಬಿದ್ದಂತೆ ಹಿಡಿದು ನಿಂತರೆ, ಗುಂಡುಗಳು ಬಟ್ಟಲಿನಲ್ಲಿ ಗುಳಿ ಮಾಡಿವೆ ಎಂದು ಅರ್ಥ. ಅದನ್ನು ಬಿಗಿ ಮಾಡಿಸುವುದು ವ್ಯರ್ಥ. ಇಡೀ ಸೆಟ್ ಬದಲಿಸಬೇಕು. ಅತಿಯಾಗಿ ಬಿಗಿಸಿದರೆ ನಡುಕ ನಿಂತಂತೆ ಕಂಡರೂ, ನಿಧಾನವಾಗಿ ಹೋಗುವಾಗ ಗಾಡಿ ಹಾವಿನಂತೆ ಓಲಾಡುತ್ತದೆ.

ಚಕ್ರ ಮೇಲಿರುವಾಗಲೇ ಅದನ್ನು ಮೇಲೆ ಕೆಳಗೆ ಹಿಡಿದು ಅಡ್ಡಕ್ಕೆ ಅಲುಗಿಸಿ ಬೇರಿಂಗ್ ನೋಡಿಬಿಡಿ. ಮುಂದೆ ಚಕ್ರವನ್ನು ಕೈಯಿಂದ ತಿರುಗಿಸುತ್ತ, ಟೈರಿನ ಪಕ್ಕದಲ್ಲಿ ರಿಮ್ಮಿನ ಅಂಚಿಗೆ ಹೊಂದಿಕೊಂಡು ಓಡುವ ತೆಳುಗೆರೆಯನ್ನು ಗಮನಿಸಿ. ಆ ಗೆರೆಗೂ ರಿಮ್ಮಿಗೂ ನಡುವಿನ ಅಂತರ ಸುತ್ತಲೂ ಒಂದೇ ಇರಬೇಕು. ಒಂದು ಕಡೆ ಗೆರೆ ರಿಮ್ಮಿನೊಳಗೆ ಮುಳುಗಿದ್ದರೆ ಟೈರ್ ಸರಿಯಾಗಿ ಕುಳಿತಿಲ್ಲ. ಹೊಸ ಟೈರಾದರೂ ನಡುಗುತ್ತದೆ. ಅಲ್ಲೇ ತಯಾರಿಕೆಯ ನಾಲ್ಕಂಕಿಯನ್ನೂ ಓದಿ. 2318 ಎಂದಿದ್ದರೆ ಅದು 2018ರ 23ನೇ ವಾರದ್ದು, ಅಂಗಡಿಯವರು 'ಹೊಸದು' ಎಂದಿದ್ದರೂ ಹಳೆಯ ಮಾಲೇ. ಗಾಳಿಯನ್ನು ಬೆಳಿಗ್ಗೆ ಗಾಡಿ ತಣ್ಣಗಿರುವಾಗ, ಗಾಡಿಯ ಸ್ಟಿಕ್ಕರಿನಲ್ಲೋ ಪುಸ್ತಕದಲ್ಲೋ ಇರುವ ಅಳತೆಗೆ ಹಾಕಿಸಿ. ಹತ್ತು ಇಂಚಿನ ಚಕ್ರದ ಸ್ಕೂಟರ್‌ಗೆ ಮುಂದೆ ಸುಮಾರು 22 ಪಿಎಸ್ಐ ಸಾಮಾನ್ಯ. ಹಿಂದೆ ಗೊಬ್ಬರದ ಮೂಟೆ ಕಟ್ಟಿಕೊಂಡು ಬರುವ ಅಭ್ಯಾಸವಿದ್ದರೆ ಮುಂಭಾಗ ಹಗುರಾಗಿ ನಡುಕ ಹೆಚ್ಚುತ್ತದೆ ಎಂಬುದನ್ನೂ ಮರೆಯಬೇಡಿ.

ಎಡಕ್ಕೆ ಎಳೆಯುವುದು ಬೇರೆ ವಿಷಯ. ಮಳೆನೀರು ಹರಿಯಲೆಂದು ರಸ್ತೆಯನ್ನು ನಡುವೆ ಎತ್ತರಿಸಿ ಅಂಚಿಗೆ ಇಳಿಸಿರುತ್ತಾರೆ. ಎಡಬದಿಯಲ್ಲಿ ಹೋಗುವ ಗಾಡಿ ತುಸು ಎಡಕ್ಕೆ ಜಾರುವುದು ಸಹಜ. ಎಂಜಿನ್ ಬಲಕ್ಕಿದ್ದ ಹಳೆಯ ಚೇತಕ್ ಓಡಿಸಿದವರಿಗೆ ಒಂದು ಬದಿಗೆ ಎಳೆಯುವುದರ ಅಭ್ಯಾಸ ಕೈಗೇ ಇರುತ್ತಿತ್ತು. ಮಟ್ಟಸವಾದ ಜಾಗದಲ್ಲೂ ಎಳೆದರೆ ಮಾತ್ರ ಮುಂದಕ್ಕೆ ಹೋಗಿ. ಹಿಂದಿನ ಚಕ್ರ ಹಿಡಿದು ಅಡ್ಡಕ್ಕೆ ಅಲುಗಿಸಿದಾಗ ಎಂಜಿನ್ ಸಮೇತ ಅಲುಗಿದರೆ ಎಂಜಿನ್ ತೂಗುವ ರಬ್ಬರ್ ಬುಷ್‌ಗಳು ಸವೆದಿವೆ. ಚಕ್ರ ಮಾತ್ರ ಅಲುಗಿದರೆ ಆಕ್ಸಲ್ ನಟ್ ಅಥವಾ ಬೇರಿಂಗ್ ನೋಡಿಸಿ.

ಚಾಸಿಸ್ ಅನುಮಾನಕ್ಕೆ ನಿಮ್ಮ ಊರಲ್ಲೇ ಸುಲಭ ಉಪಾಯವಿದೆ. ಕಾಫಿ ಒಣಗಿಸುವ ಸಿಮೆಂಟ್ ಕಣ ಖಾಲಿಯಿರುವಾಗ, ಟೈರ್‌ಗಳನ್ನು ನೀರಿನಲ್ಲಿ ನೆನೆಸಿ ಒಣ ನೆಲದ ಮೇಲೆ ನೇರವಾಗಿ, ನಡೆಯುವ ವೇಗದಲ್ಲಿ ಓಡಿಸಿ. ಹಿಂಚಕ್ರದ ಗುರುತು ಮುಂಚಕ್ರದ ಗುರುತಿನ ಮೇಲೇ ಬೀಳಬೇಕು. ಉದ್ದಕ್ಕೂ ಒಂದೇ ಬದಿಗೆ ಸರಿದಿದ್ದರೆ, ಮುಂದಿನ ಕವಚ ಬಿಚ್ಚಿಸಿ ಹ್ಯಾಂಡಲ್ ಕೊಳವೆಯ ಬುಡದಲ್ಲಿ ಹೊಸ ವೆಲ್ಡಿಂಗ್, ಬಿರುಕು ಅಥವಾ ಬಣ್ಣ ಉದುರಿದ ಸುಕ್ಕು ಇದೆಯೇ ಎಂದು ನೋಡಿ. ಅಂಥದ್ದು ಕಂಡರೆ ಬಡಿದು ನೇರ ಮಾಡಿಸಿಕೊಳ್ಳದೆ, ಮಾರಿದವರ ಬಳಿ ಗಾಡಿಯನ್ನು ಮರಳಿಸುವ ಮಾತೆತ್ತಿ.

ಕೈ ಬಿಟ್ಟು ಓಡಿಸಿ ನೋಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಒಂದು ಭಾಗ ಬದಲಿಸಿದ ಮೇಲೆ ಅದೇ ಇಳಿಜಾರಿನಲ್ಲಿ, ಒಣ ರಸ್ತೆಯಲ್ಲಿ ಓಡಿಸಿ ನೋಡಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕಿಸಿ. ಹೊಸ ಕೋನ್ ಸೆಟ್ ಹಾಕಿಸಿದರೆ ಗುಂಡುಗಳು ಕುಳಿತುಕೊಳ್ಳಲು ಕೆಲವು ದಿನ ಬೇಕಾಗುತ್ತದೆ. ಒಂದೆರಡು ವಾರದ ನಂತರ ಬಿಗಿತವನ್ನು ಮತ್ತೊಮ್ಮೆ ನೋಡಿಸಿ.