ರಿಜಿಸ್ಟರ್ ಮದುವೆಗೆ 30 ದಿನ ನೋಟಿಸ್ ಹಾಕುವುದು ಖಾಸಗಿತನಕ್ಕೆ ಧಕ್ಕೆ ಅಲ್ವಾ? ನಾವು ಕಲಬುರಗಿಯವರು, ಬೇರೆ ಬೇರೆ ಧರ್ಮ.

ಧಕ್ಕೆ ಹೌದು ಅಂತಲೇ ನನ್ನ ಅಭಿಪ್ರಾಯ. ಆದರೆ 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಆ ನಿಯಮ ಇನ್ನೂ ಹಾಗೇ ಇದೆ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅರ್ಜಿ ಕೊಟ್ಟರೆ ನಿಮ್ಮ ಹೆಸರು, ವಯಸ್ಸು, ಕೆಲಸ, ವಿಳಾಸ ಎಲ್ಲಾ ಇರುವ ನೋಟಿಸು ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತಾರೆ, ಹುಡುಗಿಯ ಕಾಯಂ ಊರು ಬಸವಕಲ್ಯಾಣ ಆಗಿದ್ದರೆ ಅದರ ಪ್ರತಿ ಬೀದರ್ ಜಿಲ್ಲೆಗೂ ಹೋಗುತ್ತದೆ. ಇನ್ನು ಮನೆಯವರಿಗೆ ತಿಳಿಯದೇ ಇರುತ್ತಾ?

ತಕರಾರು ಯಾರು ಬೇಕಾದರೂ ಹಾಕಬಹುದು. ಆದರೆ ಜಾತಿ, ಧರ್ಮ, ಅಪ್ಪ ಅಮ್ಮ ಒಪ್ಪಿಲ್ಲ ಅನ್ನುವ ಕಾರಣ ನಡೆಯುವುದಿಲ್ಲ. ವಯಸ್ಸು, ಮೊದಲೇ ಮದುವೆಯಾಗಿ ಗಂಡ ಅಥವಾ ಹೆಂಡತಿ ಬದುಕಿರುವುದು, ನಿಷೇಧಿತ ಹತ್ತಿರದ ಸಂಬಂಧ, ಮಾನಸಿಕ ಸ್ಥಿತಿ, ಇಷ್ಟೇ. ಸುಮ್ನೆ ತಕರಾರು ತೆಗೆದವರು ಕಟ್ಟಿಕೊಡಬೇಕಾದ್ದು ಹೆಚ್ಚೆಂದರೆ 1,000 ರೂಪಾಯಿ. ಯಾರು ಹೆದರುತ್ತಾರೆ ಹೇಳಿ!

ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಹೇಳಿತ್ತು. ಅದನ್ನು ಹಿಡಿದು ಅಲಹಾಬಾದ್ ಹೈಕೋರ್ಟ್ 2021ರಲ್ಲಿ, ಜೋಡಿ ಬರೆದು ಕೇಳಿದರೆ ಮಾತ್ರ ನೋಟಿಸ್ ಹಾಕಿ ಎಂದಿತು. ಆ ತೀರ್ಪನ್ನು ನಮ್ಮ ಕಡೆಯ ಆಫೀಸುಗಳು ಪಾಲಿಸಲೇಬೇಕು ಅಂತೇನಿಲ್ಲ. ಬೆದರಿಕೆ ಬಂದರೆ ಬೆಂಗಳೂರಿಗೆ ಓಡಬೇಡಿ, ಕಲಬುರಗಿಯಲ್ಲೇ ಹೈಕೋರ್ಟ್ ಪೀಠ ಇದೆ, ರಕ್ಷಣೆ ಕೇಳಿ ಅಲ್ಲೇ ರಿಟ್ ಅರ್ಜಿ ಹಾಕಬಹುದು.