ಕೆಟ್ಟವನು ಹಠ ಬಿಡಬಾರದು

ಪ್ರಶ್ನೆ: ನನ್ನ ಕಾದಂಬರಿಯ ವಿಲನ್‌ಗೆ ಕಷ್ಟದ ಬಾಲ್ಯ ಕೊಟ್ಟೆ, ಮಲತಾಯಿಯ ಕಾಟ ಕೊಟ್ಟೆ, ಊರವರಿಂದ ಅವಮಾನವನ್ನೂ ಮಾಡಿಸಿದೆ. ಆದರೂ ಓದಿದ ಗೆಳತಿಯರೆಲ್ಲ ಸಪ್ಪೆ ಅಂತಾರೆ. ಇನ್ನೇನು ಹಾಕಲಿ?
– ಓದುಗಿ, ಹಾಸನ

ಉತ್ತರ: ಏನೂ ಹಾಕಬೇಡಿ, ಸ್ವಲ್ಪ ತೆಗೆಯಿರಿ. ಬಾಲ್ಯದ ಗೋಳು ಕೇಳಿದರೆ ಅಯ್ಯೋ ಪಾಪ ಅನ್ನಿಸುತ್ತದೆ, ಅಷ್ಟೆ. ಮುಂದೇನು ಮಾಡಿಬಿಡ್ತಾನೋ ಎಂಬ ದಿಗಿಲು ಹುಟ್ಟುವುದಿಲ್ಲ. ಅದಕ್ಕೆ ಅವನು ಪ್ರಾಣ ಹೋದರೂ ಬಿಡದಂಥದ್ದು ಏನಾದರೂ ಇರಬೇಕು.

ರನ್ನನ ಗದಾಯುದ್ಧ ನೋಡಿ, ಹತ್ತನೇ ಶತಮಾನದ ಕಾವ್ಯ. ತನ್ನ ದೊರೆ ಇರಿವಬೆಡಂಗ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಹೊಗಳಲು ಬರೆದದ್ದು, ಆದರೆ ಓದಿದವರ ಮನಸ್ಸಲ್ಲಿ ಕೂರುವವನು ದುರ್ಯೋಧನ! ಯುದ್ಧ ಸೋತಾಗಿದೆ, ಹೆಣಗಳ ನಡುವೆ ನಡೆದು ಬರುತ್ತಿದ್ದಾನೆ. ಅಭಿಮನ್ಯುವಿನ ಹೆಣ ಕಂಡಾಗ ವೈರಿಯ ಮಗ ತಾನೇ ಎಂದು ದಾಟಿ ಹೋಗುವುದಿಲ್ಲ. ನಿನ್ನ ಸಾಹಸದ ಒಂದು ಪಾಲಾದರೂ ಇರುವಂಥ ಸಾವು ನನಗೂ ಬರಲಿ ಎಂದು ಬೇಡಿಕೊಳ್ಳುತ್ತಾನೆ. ಆ ಹುಡುಗನನ್ನು ಕೊಂದವರು ಇವನ ಕಡೆಯವರೇ ಅಲ್ವಾ!

ಮುಂದೆ ಶರಶಯ್ಯೆಯಲ್ಲಿದ್ದ ಭೀಷ್ಮರು ಸಂಧಿ ಮಾಡಿಕೋ ಅಂತಾರೆ. ನಾನು ಸಂಧಿಗೆ ಬಂದವನಲ್ಲ ಅಜ್ಜ, ನಿಮಗೆ ನಮಸ್ಕಾರ ಮಾಡಿ ಹೋಗೋಣ ಅಂತ ಬಂದೆ ಅನ್ನುತ್ತಾನೆ ಇವನು. ನಾನು ಕಾದುವುದು ನೆಲಕ್ಕಲ್ಲ, ಛಲಕ್ಕೆ. ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ ಪಾಳು ನೆಲ, ಇದರ ಜೊತೆ ಮತ್ತೆ ಬಾಳುವುದುಂಟೇ? ಹತ್ತನೇ ತರಗತಿಯಲ್ಲಿ ಈ ಪದ್ಯ ಬಾಯಿಪಾಠ ಮಾಡಿದವರಿಗೆ ನೆನಪಾಗಬಹುದು. ಪಾಂಡವರಿಗೆ ಸೂಜಿಮೊನೆಯಷ್ಟೂ ಜಾಗ ಕೊಡೆ ಎಂದಿದ್ದವನು ಅದೇ ನೆಲವನ್ನು ಬೇಡ ಅನ್ನುತ್ತಿದ್ದಾನೆ, ಸತ್ತ ಗೆಳೆಯನಿಗಾಗಿ. ಇದರಿಂದ ದ್ರೌಪದಿಗೆ ಮಾಡಿದ್ದೇನೂ ಮಾಫಿ ಆಗಲ್ಲ, ರನ್ನನೂ ಮಾಫಿ ಮಾಡಿಲ್ಲ.

ನಿಮ್ಮ ವಿಲನ್‌ಗೂ ಯಾರಾದರೂ ಒಳ್ಳೆಯ ಮಾತಲ್ಲಿ, ಸಾಕು ಬಿಡಪ್ಪಾ ಅನ್ನಲಿ. ಆಗ ಅವನು ಏನು ಉತ್ತರ ಕೊಡ್ತಾನೆ ಅಂತ ಮೊದಲು ಬರೆದು ನೋಡಿ. ಮಲತಾಯಿ ಬೇಕೋ ಬೇಡವೋ ಆಮೇಲೆ ಗೊತ್ತಾಗುತ್ತದೆ.

ಪ್ರಶ್ನೆ: ಕಾರಣವೇ ಇಲ್ಲದ ಕೆಟ್ಟವನನ್ನು ಬರೆಯಬಾರದಾ?
– ಕಾಲೇಜು ವಿದ್ಯಾರ್ಥಿ, ತುಮಕೂರು

ಉತ್ತರ: ಬರೆಯಬಹುದು, ಕೈ ಪಳಗಿರಬೇಕು. ಶೇಕ್ಸ್‌ಪಿಯರನ ಒಥೆಲೋ ನಾಟಕದ ಖಳ ಇಯಾಗೋ ಕಾರಣಗಳನ್ನೇನೋ ಹೇಳುತ್ತಾನೆ: ತನಗೆ ಬರಬೇಕಿದ್ದ ಬಡ್ತಿ ಕ್ಯಾಸಿಯೋ ಎಂಬವನ ಪಾಲಾಯಿತು, ಹೆಂಡತಿಯ ಮೇಲೆ ಅನುಮಾನ. ಒಥೆಲೋ ತನ್ನ ಹೆಂಡತಿಯನ್ನೇ ಕೊಲ್ಲುವಂತೆ ಅವನು ಮಾಡಿದ ಅನಾಹುತಕ್ಕೆ ಯಾವುದೂ ಸಾಲದು. ಸಿಕ್ಕಿಬಿದ್ದ ಮೇಲಂತೂ ಇನ್ನು ಬಾಯಿ ಬಿಡಲ್ಲ ಅಂದುಬಿಡುತ್ತಾನೆ. ಸುಮ್ನೆ ಗಹಗಹಿಸಿ ನಗುವವನಿಗಿಂತ ಇವನಿಗೆ ಹೆದರಬೇಕು.

ಪ್ರಶ್ನೆ: ನಾಟಕದ ಕೊನೆಗೆ ಖಳನಾಯಕ ಒಳ್ಳೆಯವನಾದರೆ ಜನ ಒಪ್ಪುತ್ತಾರಾ?
– ಹವ್ಯಾಸಿ ಕಲಾವಿದ, ಧಾರವಾಡ

ಉತ್ತರ: ಪೂರ್ತಿ ಒಳ್ಳೆಯವನಾದರೆ ಕಷ್ಟ, ಮುಕ್ಕಾಲು ಪಾಲು ಸಾಕು. ನಾಗಚಂದ್ರನ ಜೈನ ರಾಮಾಯಣದಲ್ಲಿ ರಾವಣನಿಗೆ ಸೀತೆಯ ಸಂಕಟ ನೋಡಿ ಪಶ್ಚಾತ್ತಾಪವಾಗುತ್ತದೆ, ವಾಪಸ್ ಕೊಡುವ ಮನಸ್ಸೂ ಬರುತ್ತದೆ. ಆದರೆ ಈಗಲೇ ಕೊಟ್ಟರೆ ಹೆದರಿಬಿಟ್ಟ ಅಂತಾರಲ್ಲ! ಹಾಗಾಗಿ ರಾಮ ಲಕ್ಷ್ಮಣರನ್ನು ಗೆದ್ದು, ಸೆರೆ ಹಿಡಿದು ತಂದು, ಆಮೇಲೆ ಸೀತೆಯನ್ನು ಒಪ್ಪಿಸುತ್ತೇನೆ ಎಂದು ಹೊರಡುತ್ತಾನೆ. ಲಕ್ಷ್ಮಣನ ಕೈಲಿ ಸಾಯುತ್ತಾನೆ. ಜನ ಏನಂದಾರು ಅಂತ ಮನಸ್ಸಿಗೆ ಬಂದ ಒಳ್ಳೆಯದನ್ನು ನಾಳೆಗೆ ಹಾಕಿದವರು ನಿಮ್ಮ ಪ್ರೇಕ್ಷಕರಲ್ಲೂ ಇರುತ್ತಾರೆ, ಅವರು ಖಂಡಿತ ಒಪ್ಪುತ್ತಾರೆ.